ಒರೆಸಿದ ಕಡತ, ಉಳಿದ ಕಡತ

ಹಲವಾಗಲು ಕಡೆಯ ಯಾವುದೇ ಝೆರಾಕ್ಸ್ ಅಂಗಡಿಯ ಕಂಪ್ಯೂಟರನ್ನು ನೆನೆಯೋಣ. ಪಹಣಿ, ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ವಿಧವಾ ವೇತನದ ಅರ್ಜಿ ಎಲ್ಲವೂ ಅದರೊಳಗೆ ಹೋಗುತ್ತವೆ. ಕೆಲಸ ಮುಗಿದ ಮೇಲೆ ಹುಡುಗ ‘ಡಿಲೀಟ್’ ಒತ್ತಿ, ‘ಹೋತು ಬಿಡವ್ವ’ ಎನ್ನುತ್ತಾನೆ. ನಿಜವಾಗಿಯೂ ಹೋಯಿತೆ?

ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ ನಾವು ಕಡತ ಎನ್ನುತ್ತೇವೆ. ಈ ಹೆಸರಿನ ಹಳೆಯ ವಸ್ತುವೊಂದು ನಮ್ಮ ನಾಡಿನಲ್ಲಿತ್ತು. ಹತ್ತಿ ಬಟ್ಟೆಯ ಪಟ್ಟಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆಯಾಗಿ ಮಡಚಿ, ತುದಿಗಳಿಗೆ ಮರದ ಹಲಗೆ ಕೂರಿಸುತ್ತಿದ್ದರು. ಕಪ್ಪು ಮೈಮೇಲೆ ಬಿಳಿ ಬಳಪದ ಬರಹ. 1810ರಲ್ಲಿ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಇದರ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8ರಿಂದ 12 ಅಂಗುಲ, ಉದ್ದ 12ರಿಂದ 18 ಅಡಿ. ವ್ಯಾಪಾರಿಗಳ ಲೆಕ್ಕ ಇದರಲ್ಲಿತ್ತು. ಬೇಡವಾದದ್ದನ್ನು ಬಟ್ಟೆಯಿಂದ ಒರೆಸಿ ಅದೇ ಜಾಗದಲ್ಲಿ ಹೊಸತು ಬರೆಯಬಹುದಿತ್ತು.

ಉರ್ದು ಶಾಲೆಗಳ ಮರದ ತಖ್ತಿಯೂ ಹೀಗೆಯೇ. ಮಸಿ ತೊಳೆದು, ಮುಲ್ತಾನಿ ಮಣ್ಣು ಬಳಿದು, ಒಣಗಿಸಿದರೆ ನಾಳಿನ ಪಾಠಕ್ಕೆ ಸಿದ್ಧ. ಅರಬಿಯ ‘ನಸ್ಖ್’ ಎಂಬ ಮಾತಿಗೆ ರದ್ದು ಮಾಡುವುದು, ನಕಲು ಮಾಡುವುದು ಎಂಬ ಎರಡೂ ಅರ್ಥಗಳಿವೆ. ಹಳೆಯದು ಅಳಿಯಬೇಕಾದರೆ ಅದರ ಮೇಲೆ ಮತ್ತೊಂದನ್ನು ಬರೆಯಬೇಕೆಂಬುದು ತಖ್ತಿ ತೊಳೆದ ಮಕ್ಕಳಿಗೆ ಗೊತ್ತಿತ್ತು.

ಕಂಪ್ಯೂಟರ್ ಈ ಪಾಠವನ್ನು ಮರೆಸಿತು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೋರ್ಡುಗಳು ಬದಲಾದವು, ಹಲವಾಗಲಿನ ಹೊಲಗಳು ಇದ್ದಲ್ಲೇ ಇದ್ದವು. ಡಿಲೀಟ್ ಕೂಡ ಇಂಥದೇ ಬೋರ್ಡು ಬದಲಾವಣೆ. ಹಳೆಯ ಡಾಸ್ ವ್ಯವಸ್ಥೆ ಕಡತದ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಒಂದು ಗುರುತು ಹಾಕಿ, ‘ಈ ಜಾಗ ಖಾಲಿ’ ಎಂದು ಬರೆದುಕೊಳ್ಳುತ್ತಿತ್ತು, ಅಷ್ಟೆ. 1991ರ ಡಾಸ್ 5ರಲ್ಲಿ ‘ಅನ್‌ಡಿಲೀಟ್’ ಎಂಬ ಆಜ್ಞೆಯೇ ಬಂತು. 1995ರ ವಿಂಡೋಸ್‌ನಲ್ಲಿ ‘ರೀಸೈಕಲ್ ಬಿನ್’ ಬಂದಾಗ, ಬುಟ್ಟಿ ಬರಿದು ಮಾಡಿದರೆ ಎಲ್ಲ ಮುಗಿಯಿತೆಂದು ಜನ ನಂಬಿದರು. ಆಗಲೂ ಬರಹ ಡಿಸ್ಕಿನಲ್ಲೇ ಉಳಿದಿರುತ್ತಿತ್ತು.

ಇದರ ಫಲವನ್ನು 2003ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ತೋರಿಸಿದರು. ಅವರು ಕೊಂಡ 158 ಹಳೆಯ ಡಿಸ್ಕುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಸರಿಯಾಗಿ ಅಳಿಸಿದ್ದವು 12 ಮಾತ್ರ. ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ರೋಗಿಗಳ ವಿವರಗಳು, ಖಾಸಗಿ ಪತ್ರಗಳು ಉಳಿದಿದ್ದವು.

ಹಾಗಾದರೆ ಅಳಿಸುವುದು ಹೇಗೆ? ಉತ್ತರ ಹಳೆಯದೇ: ಮೇಲೆ ಬರೆಯಬೇಕು. 1996ರಲ್ಲಿ ಪೀಟರ್ ಗುಟ್‌ಮನ್ 35 ಸಲ ಬರೆಯುವ ಕ್ರಮ ಸೂಚಿಸಿದರು. ಅಂದಿನ ಬಗೆಬಗೆಯ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಕ್ರಮ ಅದು. ತಿರುಗುವ ಹೊಸ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದರೆ ಸಾಕೆಂದು ಅಮೆರಿಕದ ಮಾನಕ ಸಂಸ್ಥೆ 2006ರಲ್ಲಿ ಹೇಳಿತು. ‘ಕ್ವಿಕ್ ಫಾರ್ಮ್ಯಾಟ್’ನಿಂದ ಇದು ಆಗುವುದಿಲ್ಲ. ಈಗಿನ ಎಸ್.ಎಸ್.ಡಿ.ಗಳ ರೀತಿ ಬೇರೆ. ಮೇಲೆ ಬರೆದರೂ ಹೊಸ ಬರಹ ಬೇರೆ ಜಾಗದಲ್ಲಿ ಕೂರಬಹುದು. ಅವುಗಳಿಗೆ ತಯಾರಕರೇ ಕೊಡುವ ಅಳಿಸುವ ಆಜ್ಞೆ ಬಳಸಬೇಕು. ಮೊದಲ ದಿನವೇ ಡಿಸ್ಕನ್ನೆಲ್ಲ ಗುಪ್ತಲಿಪಿಗೆ ಹಾಕಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೆಟ್ಟುಹೋದ ಡಿಸ್ಕನ್ನು ಗುಜರಿಗೆ ಹಾಕುವ ಮುನ್ನ ಒಡೆದು ಪುಡಿಮಾಡುವುದೇ ಲೇಸು.

ಕುರ್‌ಆನಿನ ಹರಿದ ಹಾಳೆಗಳನ್ನು ನಮ್ಮ ಮನೆಗಳಲ್ಲಿ ಕಸಕ್ಕೆ ಹಾಕುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ತುಳಿಯದ ಜಾಗದಲ್ಲಿ ಹೂಳುತ್ತಾರೆ, ಇಲ್ಲವೆ ಹರಿಯುವ ನೀರಿಗೆ ಬಿಡುತ್ತಾರೆ. ಬರಹದ ಕೊನೆಗೂ ಒಂದು ಅದಬ್ ಇದೆಯೆಂದು ಕಲಿಸಿದ ಹಿರಿಯರು, ಇನ್ನೊಬ್ಬರು ನಂಬಿ ಕೊಟ್ಟದ್ದು ಅಮಾನತ್ ಎಂಬುದನ್ನೂ ಕಲಿಸಿದರು. ಉದ್ದೇಶ ತೀರಿದ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ.

ಕಥೆ ಬರೆಯುವ ನಮ್ಮ ಬಳಿಯೂ ಜನ ನಂಬಿ ಹೇಳಿದ ಮಾತುಗಳಿವೆ. ತಲಾಖಿನ ನೋವು ತೋಡಿಕೊಂಡ ಹೆಣ್ಣುಮಕ್ಕಳ ಪತ್ರಗಳನ್ನು ಟೈಪು ಮಾಡಿಟ್ಟಿದ್ದ ಕಂಪ್ಯೂಟರನ್ನು ಒಮ್ಮೆ ಬುಟ್ಟಿ ಬರಿದು ಮಾಡಿಯೇ ಮಾರಿಬಿಟ್ಟೆವು. ಅದು ಈಗ ಯಾರ ಮನೆಯಲ್ಲಿದೆಯೋ ತಿಳಿಯದು. ಪಹಣಿ ಹಿಡಿದು ಝೆರಾಕ್ಸ್ ಅಂಗಡಿಯ ಮುಂದೆ ನಿಂತ ಆ ಅವ್ವನಿಗೆ ‘ಹೋತು’ ಎನ್ನುವ ಮೊದಲು ನಿಜವಾಗಿ ಒರೆಸಿದ್ದೇವೆಯೇ ಎಂದು ಅಂಗಡಿಯ ಹುಡುಗನೂ ನೋಡಬೇಕು, ನಾವೂ ನೋಡಬೇಕು.