ಊರಿನ ಹೆಸರು ಕಾಯಿಲೆಗೆ ಅಂಟಿಕೊಂಡ ಕಥೆ (ನಮ್ಮ ಸೀಮೆ, ಭಾಗ 7)

ಕಳೆದ ಭಾಗದಲ್ಲಿ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ ನೋಡಿದ್ವಿ. ಇವತ್ತಿನದು ಮೂಳೆ, ಕೀಲಿನ ಕಥೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡಾದ್ರೂ ಪೂರ್ತಿ ಓದಿ.

ನಮ್ಮ ಕಡೆಯ ಎರಡು ಊರಿನ ಹೆಸರು ವೈದ್ಯಕೀಯ ಪುಸ್ತಕಗಳಲ್ಲಿವೆ. ಒಂದು ಸೊರಬ ತಾಲ್ಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಲ್ಲಿ ಮಂಗಗಳು ಸತ್ತಾಗ ಪತ್ತೆಯಾದ ವೈರಸ್‌ಗೆ ಆ ಕಾಡಿನ ಹೆಸರನ್ನೇ ಇಟ್ರು. ನಾವು ಮಂಗನ ಕಾಯಿಲೆ ಅಂತೀವಿ. ಇನ್ನೊಂದು ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡು. ಇದರ ಬಗ್ಗೆ ನಮ್ಮ ವಯಸ್ಸಿನವರಿಗೆ ಗೊತ್ತಿರೋದು ಕಡಿಮೆ.

1970ರ ದಶಕದ ಮಧ್ಯದಲ್ಲಿ ಈ ಹಳ್ಳಿಯ ಹಲವರಿಗೆ ಸೊಂಟ, ಮಂಡಿ ನೋವು ಶುರುವಾಗಿ ನಡೆಯೋದೇ ಕಷ್ಟ ಆಗಿದ್ದು ಹೊರಗೆ ಗೊತ್ತಾಯ್ತು. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇದೇ ತೊಂದರೆ ಕಂಡುಬಂತು. ಹೆಚ್ಚಿನವರು ಗದ್ದೆ ಕೂಲಿ ಮಾಡುವ ದಲಿತ ಕುಟುಂಬದವರು. ತೊಡೆಮೂಳೆಯ ತಲೆ ದುಂಡಗಿದ್ರೆ ತಾನೇ ಕೀಲು ಸಲೀಸಾಗಿ ತಿರುಗೋದು? ಇವರಲ್ಲಿ ಅದು ಚಪ್ಪಟೆಯಾಗಿ ಸವೆಯುತ್ತೆ. ಕೆಲವರ ಎತ್ತರ ಸರಿಯಾಗೇ ಇರುತ್ತೆ, ಸೊಂಟದ ಕೀಲು ಮಾತ್ರ ಹಾಳಾಗುತ್ತೆ. ಇನ್ನು ಕೆಲವರಿಗೆ ಚಿಕ್ಕಂದಿನಲ್ಲೇ ಬೆನ್ನುಮೂಳೆ, ಕೈಕಾಲಿನ ಮೂಳೆಗಳ ಬೆಳವಣಿಗೆ ಕುಂಠಿತ ಆಗುತ್ತೆ.

ಕಾರಣ ಏನು? ಗದ್ದೆಗೆ ಕೀಟನಾಶಕ ಹೊಡೀತಾರೆ, ಆ ಗದ್ದೆಯ ಏಡಿ ತಿಂದಿದ್ದಕ್ಕೇ ಹೀಗಾಗಿದೆ ಅನ್ನೋ ಅನುಮಾನ ಆಗ ಜೋರಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದ್ರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳೂ ನಡೆದ್ವು. ಕುಟುಂಬಗಳ ವಂಶವೃಕ್ಷ, ಎಕ್ಸ್‌ರೇ ಒಟ್ಟಿಗಿಟ್ಟು ನೋಡಿದಾಗ ಇದು ವಂಶವಾಹಿಯಿಂದ ಬರುವ ಮೂಳೆ ಬೆಳವಣಿಗೆಯ ದೋಷ ಅನ್ನೋದು ಸ್ಪಷ್ಟವಾಯ್ತು. ತಂದೆ ಅಥವಾ ತಾಯಿ, ಒಬ್ಬರಿಗಿದ್ರೂ ಸಾಕು. ಹುಟ್ಟುವ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಚಿಕ್ಕ ಸಮುದಾಯದೊಳಗೇ ಮದುವೆಗಳು ನಡೆದಾಗ ಅದು ಅಲ್ಲೇ ಉಳಿಯುತ್ತೆ.

ಈ ಉತ್ತರ ಯಾಕೆ ಮುಖ್ಯ ಗೊತ್ತಾ? ಇದು ಅಂಟುವ ರೋಗ ಅಲ್ಲ. ಆ ಮನೆಯ ನೀರು ಕುಡಿದ್ರೆ, ಪಕ್ಕದಲ್ಲಿ ಕೂತ್ರೆ ಬರಲ್ಲ. ಶಾಪ ಅಲ್ಲ, ಹೆತ್ತವರ ತಪ್ಪೂ ಅಲ್ಲ.

ಮೂಲದಿಂದ ವಾಸಿ ಮಾಡುವ ಔಷಧಿ ಇಲ್ಲ. ಹಾಗಂತ ಮಾಡೋಕೆ ಏನೂ ಇಲ್ಲ ಅಂತಲ್ಲ. ನೋವಿಗೆ ವೈದ್ಯರು ಹೇಳಿದ ಮಾತ್ರೆ, ಕೀಲು ಬಿಗಿಯದ ಹಾಗೆ ಫಿಸಿಯೋಥೆರಪಿ, ಊರುಗೋಲು ಅಥವಾ ವಾಕರ್, ತೀರಾ ಸವೆದವರಿಗೆ ಕೀಲು ಬದಲಿ ಶಸ್ತ್ರಚಿಕಿತ್ಸೆ. ಮಗುವಿನ ವಿಷಯದಲ್ಲಿ ಆರೈಕೆಯ ದೊಡ್ಡ ಪಾಲು ಆಸ್ಪತ್ರೆಯ ಹೊರಗೇ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಬೇಡಿ, ಸರಿಯಾದ ಎತ್ತರದ ಕುರ್ಚಿ ಕೊಡಿ. ಕುಕ್ಕರಗಾಲಲ್ಲಿ ಕೂರದೇ ಬಳಸುವ ಶೌಚಾಲಯ ಬೇಕು. ಬ್ಯಾಗಿನ ಭಾರ ಇಳಿಸಬೇಕು. ತೂಕ ಹೆಚ್ಚಿದಷ್ಟೂ ಕೀಲಿಗೆ ಹೊರೆ. ನೋವು ಅಂದ್ರೆ ನೆಪ ಅಂತ ಬೈಯೋ ಬದಲು ಎಲ್ಲಿ, ಯಾವಾಗ ಅಂತ ಕೇಳಿ ಬರೆದಿಡಿ. ಡಾಕ್ಟರಿಗೆ ಅದೇ ಉಪಯೋಗ.

ಬಿಕಾಂ ಓದ್ತಿರೋದ್ರಿಂದ ನನಗೆ ಲೆಕ್ಕವೂ ಕಾಣುತ್ತೆ. ಮಾತ್ರೆಯ ಬಿಲ್ ಕಾಗದದ ಮೇಲೆ ಬರುತ್ತೆ. ಮಗುವನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ಅಮ್ಮ ಕಳ್ಕೊಂಡ ಕೂಲಿ, ಬಸ್ ಚಾರ್ಜು, ಬಿಟ್ಟ ಶಾಲೆ, ಇವು ಯಾವ ಪುಸ್ತಕದಲ್ಲೂ ಖರ್ಚು ಅಂತ ದಾಖಲಾಗಲ್ಲ. ಕೂಲಿ ಮಾಡೋರಿಗೆ ದೇಹವೇ ಬಂಡವಾಳ. ಅದೇ ಸವೆದ್ರೆ ಮನೆ ನಡೆಯೋದು ಹೇಗೆ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಧಗಳಲ್ಲಿ ಚಲನವಲನದ ವೈಕಲ್ಯ, ಕುಬ್ಜತೆ ಎರಡೂ ಸೇರಿವೆ. ಅಂದ್ರೆ ಗುರುತಿನ ಚೀಟಿ, ಸವಲತ್ತು ಕೇಳೋದು ಭಿಕ್ಷೆ ಅಲ್ಲ, ಹಕ್ಕು.

ಕೊನೇ ಮಾತು ಹೆಸರಿನದು. ಊರಿನ ಹೆಸರೇ ಕಾಯಿಲೆಯ ಹೆಸರಾದ್ರೆ ಅಲ್ಲಿನ ಆರೋಗ್ಯವಂತರನ್ನೂ ಜನ ಅನುಮಾನದಿಂದ ನೋಡ್ತಾರೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೊಸ ಕಾಯಿಲೆಗಳಿಗೆ ಊರಿನ ಹೆಸರು ಇಡಬೇಡಿ ಅಂತ ಹೇಳ್ತು. ಕ್ಯಾಸನೂರಿಗೂ ಹಂದಿಗೋಡಿಗೂ ಆ ಮಾತು ತಡವಾಗಿ ಬಂತು. ಇನ್ಮುಂದೆ ಯಾರಾದ್ರೂ ಹಂದಿಗೋಡಿನವರು ಅಂದಾಗ ಮೊದಲು ಕಾಯಿಲೆ ಕೇಳಬೇಡಿ. ಈ ಸಲ ಮಳೆ ಹೇಗಿತ್ತು, ಗದ್ದೆ ನಾಟಿ ಆಯ್ತಾ ಅಂತ ಕೇಳಿ.

ಮುಂದಿನ ಭಾಗ: ತಾಳಗುಂದದ ಕಂಬದ ಶಾಸನ. ನಿಮ್ಮೂರ ಶಾಲೆಯಲ್ಲಿ ಇಂಥ ಮಕ್ಕಳಿಗೆ ರ‍್ಯಾಂಪ್, ಸರಿಯಾದ ಶೌಚಾಲಯ ಇದೆಯಾ? ಮಗುವಿನ ಹೆಸರು ಹಾಕದೇ ಕಮೆಂಟಲ್ಲಿ ತಿಳಿಸಿ.

#ನಮ್ಮಸೀಮೆ #ಶಿಕಾರಿಪುರ #ಸೊರಬ #ಮಲೆನಾಡು