ದೈತ್ಯ ತೊರಕೆ ಮತ್ತು ನೀಲಕುರಿಂಜಿ: ಒಂದು ಹೋಲಿಕೆ

ಹುಬ್ಬಳ್ಳಿ: ಒಂದು ಅರಬ್ಬಿ ಸಮುದ್ರದ ಮೀನು, ಇನ್ನೊಂದು ಪಶ್ಚಿಮ ಘಟ್ಟದ ಕಾಡುಹೂವು. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಈ ಜೀವಿಗಳಲ್ಲಿ ಸಮಾನ ಗುಣವೊಂದಿದೆ. ಎರಡೂ ಸಂತಾನೋತ್ಪತ್ತಿಗೆ ದೀರ್ಘಕಾಲ ಕಾಯುತ್ತವೆ. ಆದ್ದರಿಂದ ಒಮ್ಮೆ ನಷ್ಟವಾದರೆ ಚೇತರಿಕೆ ಬಹಳ ನಿಧಾನ.

ದೈತ್ಯ ತೊರಕೆ
ವೈಜ್ಞಾನಿಕ ಹೆಸರು ಮೊಬುಲಾ ಬೈರೋಸ್ಟ್ರಿಸ್. 'ಮಾಂಟಾ' ಎಂದೂ ಪ್ರಸಿದ್ಧ. ರೆಕ್ಕೆಗಳ ಅಗಲ 7 ಮೀಟರ್‌ವರೆಗೂ ಇರಬಹುದು. ತಲೆಯ ಮುಂದೆ ಕೊಂಬಿನಂತಹ ಎರಡು ಭಾಗಗಳಿವೆ. ಗಾತ್ರ ಭಯ ಹುಟ್ಟಿಸಿದರೂ ಇದಕ್ಕೆ ವಿಷದ ಮುಳ್ಳಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುತ್ತದೆ. ಮೊಟ್ಟೆ ಇಡುವುದಿಲ್ಲ. ಸುಮಾರು ಒಂದು ವರ್ಷ ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ಹಲವು ವರ್ಷಗಳ ಅಂತರವಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ಉಡುಪಿ ಜಿಲ್ಲೆಯ ಮಲ್ಪೆಯಲ್ಲಿ ಮೀನುಗಾರರ ಬಲೆಗೆ ಎರಡು ಬೃಹತ್ ತೊರಕೆಗಳು ಬಿದ್ದಿದ್ದವು. ಒಂದರ ತೂಕ ಸುಮಾರು 750 ಕಿಲೋ ಎಂದು ವರದಿಯಾಗಿತ್ತು.

ನೀಲಕುರಿಂಜಿ
ವೈಜ್ಞಾನಿಕ ಹೆಸರು ಸ್ಟ್ರೊಬಿಲಾಂಥಸ್ ಕುಂತಿಯಾನಾ. ಮಲೆನಾಡಿನಲ್ಲಿ ಈ ಜಾತಿಯ ಗಿಡಗಳಿಗೆ 'ಗುರ್ಗಿ' ಎಂಬ ಹೆಸರೂ ಇದೆ. ಎತ್ತರದ ಶೋಲಾ ಹುಲ್ಲುಗಾವಲುಗಳಲ್ಲಿ ಬೆಳೆಯುವ ಈ ಪೊದೆ 12 ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತ ಶ್ರೇಣಿಯಲ್ಲಿ 2022ರಲ್ಲಿ ಕುರಿಂಜಿ ಅರಳಿದಾಗ ಸಾವಿರಾರು ಪ್ರವಾಸಿಗರು ಅಲ್ಲಿಗೆ ಧಾವಿಸಿದ್ದರು.

ವ್ಯತ್ಯಾಸವೇನು?
ಕುರಿಂಜಿ ತನ್ನ ಜೀವಮಾನದ ಶ್ರಮವನ್ನೆಲ್ಲ ಒಂದೇ ಋತುವಿಗೆ ಮೀಸಲಿಟ್ಟು ಅಪಾರ ಬೀಜ ಚೆಲ್ಲುತ್ತದೆ. ತೊರಕೆ ದಶಕಗಟ್ಟಲೆ ಬದುಕಿ, ಒಂದೊಂದೇ ಮರಿಯನ್ನು ಹೆರುತ್ತದೆ. ಹೀಗಾಗಿ ಅಪಾಯದ ಸ್ವರೂಪವೂ ಬೇರೆ. ಬೀಜ ಕಟ್ಟುವ ಮೊದಲೇ ಹೂವು ಕಿತ್ತರೆ ಅಥವಾ ಗಿಡ ತುಳಿದರೆ ಮುಂದಿನ ಪೀಳಿಗೆಯೇ ಕ್ಷೀಣಿಸುತ್ತದೆ. ತೊರಕೆಗೆ ಎಲ್ಲ ವರ್ಷಗಳೂ ಅಪಾಯದ ವರ್ಷಗಳೇ. ಬಲೆಗೆ ಬಿದ್ದ ಪ್ರತಿ ಹೆಣ್ಣು ಮೀನಿನೊಂದಿಗೆ ಮುಂದೆ ಹುಟ್ಟಬೇಕಿದ್ದ ಬೆರಳೆಣಿಕೆಯ ಮರಿಗಳೂ ಇಲ್ಲವಾಗುತ್ತವೆ.

ರಕ್ಷಣೆ
ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ದೈತ್ಯ ತೊರಕೆಯನ್ನು 'ಅಳಿವಿನಂಚಿನ' ಪ್ರಭೇದವೆಂದೂ, ನೀಲಕುರಿಂಜಿಯನ್ನು ಅದಕ್ಕಿಂತ ಒಂದು ಹಂತ ಕೆಳಗಿನ 'ಅಪಾಯಕ್ಕೀಡಾಗಬಹುದಾದ' ಪ್ರಭೇದವೆಂದೂ ಗುರುತಿಸಿದೆ. ತೊರಕೆಯ ಕಿವಿರು ಫಲಕಗಳಿಗೆ ಚೀನಾದ ಔಷಧ ಮಾರುಕಟ್ಟೆಯಲ್ಲಿ ಬೇಡಿಕೆ ಇರುವುದರಿಂದ, 2013ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ನಿಯಂತ್ರಣ ಪಟ್ಟಿಗೆ ಅದನ್ನು ಸೇರಿಸಲಾಯಿತು. 2022ರ ತಿದ್ದುಪಡಿಯ ನಂತರ ನೀಲಕುರಿಂಜಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೇ ಅನುಸೂಚಿಯಲ್ಲಿದೆ. ಅದನ್ನು ಕೀಳುವುದು ಅಪರಾಧ.

ಚಂದ್ರದ್ರೋಣದಲ್ಲಿ ಮುಂದಿನ ಹೂವು 2034ರ ಸುಮಾರಿಗೆ ನಿರೀಕ್ಷಿತ. ಆಗ ಗಿರಿಗೆ ತೆರಳುವ ಹುಬ್ಬಳ್ಳಿ–ಧಾರವಾಡದ ಪ್ರವಾಸಿಗರು ಹೂವನ್ನು ಗಿಡದಲ್ಲೇ ಬಿಟ್ಟು ಬರಬೇಕು. ಕಡಲಿನಲ್ಲಿ, ಬಲೆಗೆ ಸಿಕ್ಕ ತೊರಕೆ ಜೀವಂತವಿದ್ದರೆ ಮರಳಿ ನೀರಿಗೆ ಬಿಡುವುದೇ ಅದರ ಉಳಿವಿಗೆ ದಾರಿ.