ಬಾಲ್ಯದ ಮಧುಮೇಹದಲ್ಲಿ ಸ್ವಯಂಪ್ರತಿರಕ್ಷೆ

ಮಕ್ಕಳಲ್ಲಿ ಕಂಡುಬರುವ ಮಧುಮೇಹದ ಪೈಕಿ ಬಹುಪಾಲು ಟೈಪ್ 1 ಮಧುಮೇಹವಾಗಿದ್ದು, ಅದೊಂದು ಸ್ವಯಂಪ್ರತಿರಕ್ಷಾ ರೋಗವಾಗಿದೆ. ಸೋಂಕುಗಳಿಂದ ದೇಹವನ್ನು ಕಾಪಾಡಬೇಕಾದ ರೋಗನಿರೋಧಕ ವ್ಯವಸ್ಥೆಯು ಅದೇ ದೇಹದ ಜೀವಕೋಶಗಳ ಮೇಲೆ ದಾಳಿ ಮಾಡುವುದನ್ನು ಸ್ವಯಂಪ್ರತಿರಕ್ಷೆ ಅಥವಾ ಆಟೋಇಮ್ಯುನಿಟಿ ಎನ್ನುತ್ತಾರೆ. ಈ ರೋಗದಲ್ಲಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪಾದಿಸುವ ಬೀಟಾ ಕೋಶಗಳು ನಾಶವಾಗುತ್ತವೆ.

ಕಾರ್ಯವಿಧಾನ

ಬೀಟಾ ಕೋಶಗಳನ್ನು ಮುಖ್ಯವಾಗಿ ಟಿ-ಕೋಶಗಳು ಎಂಬ ಬಿಳಿ ರಕ್ತಕಣಗಳು ಕೊಲ್ಲುತ್ತವೆ. ರಕ್ತದಲ್ಲಿ ಕಾಣಿಸಿಕೊಳ್ಳುವ ಸ್ವಪ್ರತಿಕಾಯಗಳು ಈ ದಾಳಿಯ ಸೂಚಕಗಳು. ರೋಗಲಕ್ಷಣಗಳು ಕಾಣುವ ತಿಂಗಳುಗಳ ಅಥವಾ ವರ್ಷಗಳ ಮೊದಲೇ ಇವುಗಳನ್ನು ಪತ್ತೆಹಚ್ಚಬಹುದು. 1974ರಲ್ಲಿ ಲಂಡನ್ನಿನಲ್ಲಿ ಜಿಯಾನ್ ಫ್ರಾಂಕೊ ಬೊಟಾಜೊ ಮತ್ತು ಸಂಗಡಿಗರು ಇಂತಹ ಪ್ರತಿಕಾಯಗಳನ್ನು ಗುರುತಿಸಿದರು.

ಕಾರಣಗಳು

6ನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ವಂಶವಾಹಿಗಳ ಕೆಲವು ರೂಪಗಳು ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದರೆ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗ ಬಂದರೆ ಇನ್ನೊಬ್ಬರಿಗೂ ಬರಲೇಬೇಕೆಂದಿಲ್ಲ. ಆದ್ದರಿಂದ ವೈರಾಣು ಸೋಂಕಿನಂತಹ ಪರಿಸರದ ಕಾರಣಗಳೂ ಇರಬಹುದೆಂದು ಭಾವಿಸಲಾಗಿದೆ. ಧಾರವಾಡ ಪೇಡೆಯಂತಹ ಸಿಹಿತಿನಿಸು ತಿನ್ನುವುದರಿಂದಾಗಲಿ, ತಾಯಿಯ ಆರೈಕೆಯ ಕೊರತೆಯಿಂದಾಗಲಿ ಈ ರೋಗ ಬರುವುದಿಲ್ಲ. ಇದು ಅಂಟುರೋಗವೂ ಅಲ್ಲ.

ಲಕ್ಷಣಗಳು

ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ ವಿಸರ್ಜನೆ, ತೂಕ ಇಳಿಕೆ ಮತ್ತು ಆಯಾಸ ಮುಖ್ಯ ಲಕ್ಷಣಗಳು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡತೊಡಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಅದು ಕೀಟೋಅಸಿಡೋಸಿಸ್ ಆಗಿರಬಹುದು. ಇದು ಪ್ರಾಣಾಪಾಯದ ಸ್ಥಿತಿಯಾದ್ದರಿಂದ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಕರ್ನಾಟಕದಲ್ಲಿ

ರಾಜ್ಯದ ಟೈಪ್ 1 ಮಧುಮೇಹ ನೋಂದಣಿಯ 13 ವರ್ಷಗಳ ಮಾಹಿತಿಯಂತೆ ವರ್ಷಕ್ಕೆ ಒಂದು ಲಕ್ಷ ಬಾಲಕರಲ್ಲಿ 3.7, ಬಾಲಕಿಯರಲ್ಲಿ 4.0 ಹೊಸ ಪ್ರಕರಣಗಳು ಕಂಡುಬಂದಿವೆ. ಹುಬ್ಬಳ್ಳಿ-ಧಾರವಾಡದಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ವೈದ್ಯಕೀಯ ಕಾಲೇಜು (ನಂತರದ ಕಿಮ್ಸ್) ಹಾಗೂ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಮಕ್ಕಳ ಚಿಕಿತ್ಸಾ ವಿಭಾಗಗಳಿವೆ.

ಚಿಕಿತ್ಸೆ

ಬೀಟಾ ಕೋಶಗಳು ನಾಶವಾಗಿರುವುದರಿಂದ ಜೀವನಪರ್ಯಂತ ಇನ್ಸುಲಿನ್ ಅನಿವಾರ್ಯ. ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ, ಉಳಿದ ಬೀಟಾ ಕೋಶಗಳು ಚೇತರಿಸಿಕೊಂಡು ಇನ್ಸುಲಿನ್ ಅಗತ್ಯ ತಾತ್ಕಾಲಿಕವಾಗಿ ಕಡಿಮೆಯಾಗಬಹುದು. ಇದನ್ನು 'ಹನಿಮೂನ್ ಹಂತ' ಎನ್ನುತ್ತಾರೆ. ರೋಗ ವಾಸಿಯಾಯಿತೆಂದು ತಿಳಿದು ಇನ್ಸುಲಿನ್ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೆ ಅಪಾಯವಿದೆ, ಏಕೆಂದರೆ ಸ್ವಯಂಪ್ರತಿರಕ್ಷೆಯ ದಾಳಿ ಆಗಲೂ ಮುಂದುವರಿದಿರುತ್ತದೆ. ಈ ದಾಳಿಯನ್ನೇ ನಿಧಾನಗೊಳಿಸಿ, ಲಕ್ಷಣಗಳು ಕಾಣುವುದನ್ನು ಮುಂದೂಡುವ ಟೆಪ್ಲಿಜುಮ್ಯಾಬ್ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಅದು ರೋಗವನ್ನು ಗುಣಪಡಿಸುವುದಿಲ್ಲ.